ಕಲ್ಲಿನಲ್ಲಿ ಅಕ್ಕಿ

ನಮ್ಮ ಶಿಬಿರದ ಅಡುಗೆಯವಳು ದೆನ್ಸ್‌ಮಾ.
ಅರವತ್ತು ದಾಟಿದರೂ ಸೂಜಿಗೆ ದಾರ
ಒಂದೇ ಸಲಕ್ಕೆ ಪೋಣಿಸುತ್ತಾಳೆ.
ಮೂವತ್ತು ವರ್ಷ ಅಕ್ಕಿಯಲ್ಲಿ ಕಲ್ಲು ಆರಿಸಿದವಳನ್ನು
ಈ ಬೇಸಿಗೆ
ಕಲ್ಲಿನಲ್ಲಿ ಅಕ್ಕಿ ಆರಿಸಲು ಕೂರಿಸಿದ್ದಾರೆ.

ಗೋಬಿಯ ಕೆಂಪು ದಿಬ್ಬದಡಿ ಬಿಸಿಗಾಳಿಗೆ ಬೆನ್ನು ಕೊಟ್ಟು
ಜರಡಿ ಹಿಡಿದ ಮರಳನ್ನು ತಟ್ಟೆಗೆ ಸುರಿದು
ಬೆರಳ ತುದಿಯಲ್ಲಿ ಸರಿಸುತ್ತಾಳೆ:
ಕಲ್ಲು, ಕಲ್ಲು, ಮೊಟ್ಟೆಯ ಚೂರು,
ಕಲ್ಲು.

ನಾನು ಲಾರಿಯವನು, ದೊಡ್ಡದರ ಕಡೆಯವನು.
ಒಂದು ತೊಡೆಮೂಳೆಗೆ ನಾಲ್ಕು ಚೀಲ ಪ್ಲಾಸ್ಟರು,
ಎಂಟು ಆಳು, ಎರಡು ಹಗ್ಗ, ಬೇಕಾದಷ್ಟು ಬೈಗುಳ.
ಎತ್ತಿ ಹಾಕಿದರೆ ಲಾರಿಯೇ ನರಳಬೇಕು.
ಅದು ಪ್ರಾಣಿ ಅಂದರೆ.

ಮೂರು ಗಂಟೆಯ ಹೊತ್ತಿಗೆ ಅವಳ ಬೆರಳು ನಿಂತಿತು.
ಕಿರುಬೆರಳಿನ ಉಗುರಿನಷ್ಟು ದವಡೆ.
ಮಸೂರದಡಿ ಅದನ್ನು ಹಿಡಿದ ಸುವ್ದ್ ಮೇಡಂ
ಉಸಿರು ಬಿಡಲಿಲ್ಲ, ಬಿಟ್ಟರೆ ಹಾರಿಹೋದೀತು.

"ಈ ಹಲ್ಲಿನ ಕೆಳಗೆ ನೋಡಿ, ಇನ್ನೊಂದು,
ಇನ್ನೂ ಹುಟ್ಟಬೇಕಿದ್ದದ್ದು. ಇದು ಮರಿ.
ನಿಮ್ಮ ದೊಡ್ಡವಕ್ಕೆ ಬಿದ್ದಷ್ಟೂ ಹುಟ್ಟುತ್ತಿತ್ತು, ಸಾಯುವ ತನಕ.
ಇದಕ್ಕೆ ಎರಡೇ ಸರದಿ, ನಮ್ಮ ಹಾಗೆ.
ಹುಟ್ಟಿದ ಹೊಸತರಲ್ಲಿ ಹಲ್ಲೇ ಬೇಕಿರಲಿಲ್ಲವಲ್ಲ,
ತಾಯಿಗೆ ಹಾಲಿತ್ತು."

ಹಾಲು ಕಲ್ಲಾಗುವುದಿಲ್ಲ.
ಕತ್ತಲಲ್ಲಿ ಮೊಲೆ ಹುಡುಕುವ ಮೂತಿಯ ತೇವ
ಕಲ್ಲಾಗುವುದಿಲ್ಲ.
ಅಷ್ಟೆತ್ತರದ ಹೆಜ್ಜೆಗಳು ಮೇಲೆ ಹಾದುಹೋಗುವಾಗ
ಬಿಲದೊಳಗೆ ಅದುರಿದ ಮೀಸೆ, ಅದೂ ಇಲ್ಲ.
ಹಲ್ಲೇ ಸಾಕ್ಷಿ ನುಡಿಯಬೇಕು,
ಅದರಲ್ಲೂ ಹುಟ್ಟದೇ ಉಳಿದ ಹಲ್ಲು.

ದೆನ್ಸ್‌ಮಾ ಏನೂ ಅನ್ನಲಿಲ್ಲ.
ಒಲೆಯ ಮೇಲೆ ಚಹಾದ ಹಾಲು ಉಕ್ಕಿತು, ಎದ್ದು ಓಡಿದಳು.

ಹೋದ ವಾರ ಅವಳ ಮೊಮ್ಮಗ ಎರ್ಖೆಸನಿಗೆ ಹಾಲುಹಲ್ಲು ಬಿತ್ತು.
ಕುರಿಬಾಲದ ಕೊಬ್ಬಿನ ಉಂಡೆಯಲ್ಲಿ ಹುದುಗಿಸಿ
ನಾಯಿಗೆ ತಿನ್ನಿಸಿದಳು,
ಬರುವ ಹಲ್ಲು ನಾಯಿಹಲ್ಲಿನಷ್ಟು ಗಟ್ಟಿ ಬರಲಿ ಅಂತ.
ನಾಯಿ ಅಗಿಯಲೂ ಇಲ್ಲ. ನುಂಗಿ, ಕೈ ನೆಕ್ಕಿ,
ಇನ್ನೊಂದು ಇದೆಯಾ ಎಂಬಂತೆ ನೋಡಿತು.
ಹುಡುಗ ಬಾಯಿಗೆ ಕೈ ಅಡ್ಡ ಹಿಡಿದ.

ರಾತ್ರಿ ಊಟಕ್ಕೆ ಕೂತೆವು.
ಆ ದವಡೆ ಹತ್ತಿ ಹಾಸಿದ ಬೆಂಕಿಪೊಟ್ಟಣದಲ್ಲಿ ಮಲಗಿತ್ತು.
ದೊಡ್ಡದು ಹೊರಗೆ ಲಾರಿಯ ಮೇಲೆ, ತಾಡಪಾಲಿನಡಿ.
ಎರಡನೇ ತುತ್ತಿಗೇ ಕಟಕ್ಕೆಂದಿತು.
"ದೆನ್ಸ್‌ಮಾ, ಅನ್ನದಲ್ಲಿ ಕಲ್ಲು!"
ಮೂವತ್ತು ವರ್ಷದಲ್ಲಿ ಇದೇ ಮೊದಲು.

ಅವಳು ತಲೆ ಎತ್ತಲಿಲ್ಲ.
"ನೋಡಿ ಉಗುಳು," ಅಂದಳು.