ಒಂದು ಪಾಯಿಂಟ್ ನಾಲ್ಕು

ನೂರು ಕಿಲೋಮೀಟರಿಗೆ ಐದೂವರೆ ಲೀಟರು
ಅಂದಿತ್ತು ಕಂಪನಿಯ ನುಣುಪು ಹಾಳೆ.
ರೈಮೊನ ನೋಟ್‌ಬುಕ್ಕಿನಲ್ಲಿ ಎಂಟು ಪಾಯಿಂಟ್ ಒಂದು.
ಮತ್ತೊಮ್ಮೆ ಭಾಗಿಸಿದ.
ಎಂಟು ಪಾಯಿಂಟ್ ಒಂದು.

ಹದಿನೇಳು ವರ್ಷ ದುಡಿದ ಹಳೆಯ ಕಾರು,
ಬಾಗಿಲಿಗೆ ತುಕ್ಕು ಹತ್ತಿ, ಹಿಂದಿನ ಗಾಜು ಮೇಲೇರದೆ,
ಕೊನೆಯ ಚಳಿಗಾಲದಲ್ಲೂ ಏಳು ದಾಟಿರಲಿಲ್ಲ.
ಹೊಸತರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆಯುತ್ತಾನಂತೆ,
ಇದು ಹೊಸತರಲ್ಲೇ ಕೈಚೆಲ್ಲಿ ಕೂತಿದೆಯಲ್ಲ, ಅಂದ.
ಕಾಯಾನಿಯ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಬಟ್ಟೆ ಒಗೆಯುವವಳು ನಾನು,
ಆ ಗಾದೆಗೆ ನಗಲಿಲ್ಲ.

ಕಾರಣ ಹುಡುಕಲು ಹೊರಟ,
ಕಳೆದ ಕರು ಹುಡುಕುವವನ ಹಾಗೆ.
ಮೈನಸ್ ಇಪ್ಪತ್ಮೂರರಲ್ಲಿ ಟೈರಿನ ಗಾಳಿಯೂ ಮುದುಡುತ್ತದೆ:
ಹಿಮಕ್ಕೆ ಮಂಡಿಯೂರಿ ನಾಲ್ಕಕ್ಕೂ ತುಂಬಿದ.
ಮೊಳೆ ಬಡಿದ ಚಳಿಗಾಲದ ಟೈರು, ಅದಕ್ಕೊಂದಿಷ್ಟು.
ಚಳಿಗಾಲದ ಪೆಟ್ರೋಲಿಗೆ ಕಸುವಿಲ್ಲ, ಅದಕ್ಕೊಂದು ಚೂರು.
ತಲೆಯ ಮೇಲೆ ಸ್ಕೀ ಇಡುವ ಪೆಟ್ಟಿಗೆ
(ಮಗಳು ಸ್ಕೀ ಬಿಟ್ಟು ನಾಲ್ಕು ವರ್ಷ), ಇಳಿಸಿದ.
ಡಿಕ್ಕಿಯಲ್ಲಿ ಎರಡು ಚೀಲ ಮರಳು, ಸೌನಾಕ್ಕೆಂದು ತಂದು ಮರೆತ ಬರ್ಚ್ ಸೌದೆ.
ಎಲ್ಲದಕ್ಕೂ ಅದರದರ ಪಾಲು ಕೊಟ್ಟು ಕಳೆದರೂ
ಉಳಿಯಿತು ಒಂದು ಪಾಯಿಂಟ್ ನಾಲ್ಕು.
ಪೆನ್ಸಿಲಿನಿಂದ ಅದರ ಸುತ್ತ ಒಂದು ಸೊನ್ನೆ ಎಳೆದ.
'ಗೊತ್ತಿಲ್ಲದ್ದು' ಎಂದು ಪಕ್ಕದಲ್ಲಿ ಬರೆದ.

ನನಗೆ ಗೊತ್ತಿತ್ತು.

ಬೆಳಗಿನ ಆರಕ್ಕೆ ಪಾಳಿ ಮುಗಿಯುತ್ತದೆ.
ಕತ್ತಲು ಮುಗಿದಿರುವುದಿಲ್ಲ.
ಕಾರು ಹತ್ತಿ ಕೀಲಿ ತಿರುಗಿಸುತ್ತೇನೆ,
ಸೀಟು ಕೆಳಗಿನಿಂದ ಮೆಲ್ಲಗೆ ಬೆಚ್ಚಗಾಗುತ್ತದೆ,
ಗಾಜಿನ ಮಂಜು ಎರಡು ಕಣ್ಣಿನಷ್ಟು ಕರಗುತ್ತದೆ.
ನಲವತ್ತು ನಿಮಿಷ.
ಅಳುವುದಿಲ್ಲ. ಯಾರಿಗೂ ಫೋನು ಮಾಡುವುದಿಲ್ಲ.
ಮನೆಯಲ್ಲಿ ಕೊರತೆಯೂ ಇಲ್ಲ, ಕಾಫಿ ಇಳಿಸಿಟ್ಟಿರುತ್ತಾನೆ.
ಆರುನೂರು ಹೊದಿಕೆ, ಯಾರ ಬೆವರೋ, ಯಾರ ಕೊನೆಯದೋ,
ಮಡಿಸಿ ಮಡಿಸಿ ಬಂದ ಕೈಗಳು
ಮಡಿಲಲ್ಲಿ ಬಿದ್ದಿರುತ್ತವೆ, ನನ್ನವಲ್ಲವೆಂಬಂತೆ.
ನಿಂತ ಗಾಡಿಯ ಎಂಜಿನ್ ಓಡಿಸಬಾರದೆಂದು ಕಾನೂನಿದೆ.
ಕಾವಲುಗಾರ ಹಿಮ ಗೋರುತ್ತ ಅತ್ತ ತಿರುಗುತ್ತಾನೆ.

ಹಳೆಯ ಕಾರಿನ ಹೀಟರು ಕೆಟ್ಟಿತ್ತು.
ಅದರಲ್ಲಿ ಸುಮ್ಮನೆ ಕೂರುವುದು ಯಾರಿಗೂ ಸಾಧ್ಯವಿರಲಿಲ್ಲ.
ಅದರ ಮೈಲೇಜಿನ ಗುಟ್ಟು ಅಷ್ಟೇ.

ಗ್ಯಾರೇಜಿನಲ್ಲಿ ವಿಲ್ಯಾ ಎಂಬ ಹುಡುಗಿ
ಸ್ಟೀರಿಂಗಿನ ಕೆಳಗೆ ವೈರು ಚುಚ್ಚಿ ಪರದೆ ನೋಡಿದಳು.
ಎಂಜಿನ್ ಉರಿದ ಗಂಟೆ ಒಂದು ಸಾಲಿನಲ್ಲಿ,
ಚಕ್ರ ಉರುಳಿದ ಗಂಟೆ ಇನ್ನೊಂದು ಸಾಲಿನಲ್ಲಿ.
ತುಂಬ ಹೊತ್ತು ನೋಡಿದಳು.
ಆಮೇಲೆ ನನ್ನ ಕೈ ನೋಡಿದಳು, ಸೋಡಾ ತಿಂದ ಬೆರಳುಗಳನ್ನು.
"ಕಾರು ಸರಿಯಾಗೇ ಇದೆ," ಅಂದಳು, "ಚಳಿಗಾಲ."
"ಚಳಿಗಾಲ," ಅಂದ ರೈಮೊ,
ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಶನಿವಾರ ಒಂದು ಪೆಟ್ಟಿಗೆ ತಂದ.
ಅಂಗೈ ಎರಡು ಸೇರಿಸಿದಷ್ಟು ಅಗಲದ ಕರೆಂಟಿನ ಹೀಟರು.
ಡ್ಯಾಶ್‌ಬೋರ್ಡಿನಡಿ ಬೆನ್ನು ಮಡಿಸಿ ಮಲಗಿ
ಬಂಪರಿನವರೆಗೆ ವೈರು ಎಳೆದ. ಮಧ್ಯಾಹ್ನವೆಲ್ಲ ಹಿಡಿಯಿತು.
"ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಪ್ಲಗ್ಗಿನ ಕಂಬ ಇದೆಯಲ್ಲ,"
ನನಗಲ್ಲ, ಸ್ಕ್ರೂ ಡ್ರೈವರಿಗೆ ಹೇಳಿದ,
"ಒಂದು ಸಲ ತಿರುಗಿಸಿದರೆ ಎರಡು ಗಂಟೆ ಬರುತ್ತದೆ."

ಈಗ ಎಂಜಿನ್ ಆರಿಸಿಯೇ ಕೂರುತ್ತೇನೆ.
ಇಷ್ಟು ದಿನ ಕೇಳದಿದ್ದುದು ಕೇಳುತ್ತದೆ:
ಕಂಬದ ಟೈಮರಿನ ಟಿಕ್ ಟಿಕ್, ಗೋರುವ ಸಲಿಕೆ,
ಮಾಡಿನಿಂದ ಒಮ್ಮೆಲೇ ಜಾರುವ ಹಿಮದ ಧೊಪ್.
ಒಂದೊಂದು ದಿನ ನಲವತ್ತು ಅರವತ್ತಾಗುತ್ತದೆ.

ಈ ತಿಂಗಳು ಆರು ಪಾಯಿಂಟ್ ಏಳು.
ಬರೆದ. ಪೆನ್ಸಿಲ್ ಕಿವಿಗೆ ಸಿಕ್ಕಿಸಿದ.
ಯಾಕೆ ಇಳಿಯಿತೆಂದು ಅವನು ಕೇಳಲಿಲ್ಲ,
ನಾನು ಹೇಳಲಿಲ್ಲ.
ಕರೆಂಟಿನ ಲೆಕ್ಕ ಆಸ್ಪತ್ರೆಯದು.