ನಾಲ್ಕು ಬೆರಳು ಕೆಳಗೆ

ಕುಮಾಸಿಯ ಸುವಾಮೆಯಲ್ಲಿ ಸತ್ತ ಲಾರಿಗಳು ಸಾಯುವುದಿಲ್ಲ.
ಒಂದರ ಸ್ಪ್ರಿಂಗು ಯಾರದೋ ಗುದ್ದಲಿ,
ಒಂದರ ಆಕ್ಸೆಲ್ಲು ಯಾವುದೋ ಬಾವಿಯ ರಾಟೆ,
ಬಾನೆಟ್ಟು ಬಾಣಲೆ.
ನನ್ನ ಅಂಗಡಿಯೂ ಅಲ್ಲೇ, ಮೂರನೇ ಓಣಿ,
ಎಣ್ಣೆ ಕುಡಿದು ಕಪ್ಪಾದ ನೆಲ.
ಕರೆಂಟು ಇದ್ದಾಗ ನಾನು ಇಂಜಿನಿಯರು,
ಹೋದಾಗ ಬರೀ ಡೊಂಕೋರ್.

ಎಜುರದಿಂದ ಬಂದಳು ಅಫುವಾ ನ್ಯಾರ್ಕೊವಾ,
ಟ್ರೋಟ್ರೋದ ನೆತ್ತಿಗೆ ಹಗ್ಗ ಬಿಗಿದು
ಮರಗೆಣಸು ತುರಿಯುವ ಯಂತ್ರ ಹೇರಿಸಿಕೊಂಡು.
ಹಸಿರು ಬಣ್ಣ, ಒಂದು ಗೀರೂ ಇಲ್ಲ.
ಎದೆಯ ಮೇಲೆ ದಾನಿಗಳ ಹೆಸರು,
ಹೊಟ್ಟೆಯೊಳಗೆ ಕೋಳಿ ಪುಕ್ಕ.

‘ಕೆಟ್ಟಿದೆಯೇನಮ್ಮ?’
‘ಇಲ್ಲಪ್ಪ, ಚೆನ್ನಾಗಿದೆ.
ಎರಡು ವರ್ಷದಿಂದ ಚೆನ್ನಾಗಿಯೇ ಇದೆ.’

ಬಿಚ್ಚಿ ನೋಡಿದೆ. ಬೇರಿಂಗು ಬಂಗಾರ.
ಹಲ್ಲುಗಳ ಸಾಲು ನೋಡಿ ನನಗೇ ಹೊಟ್ಟೆಯುರಿ.
ಇದಕ್ಕೇನೂ ಆಗಿಲ್ಲ, ನೀವು ಕಲಿಯಬೇಕಷ್ಟೇ ಎಂದೆ.
ಅವಳು ಜಗಳಕ್ಕೆ ಬರಲಿಲ್ಲ.
ಬ್ಯಾಟರಿ ಡಬ್ಬ ಬೋರಲು ಹಾಕಿ
ಮಂಡಿ ಅಗಲಿಸಿ ಕೂತಳು.

‘ಹೀಗೆ ಕೂರುತ್ತೇವೆ ನಾವು, ಹನ್ನೊಂದು ಮಂದಿ, ಸುತ್ತ.
ಚೀಲಕ್ಕೆ ಟೆಚಿಮಾನಿನಲ್ಲಿ ಇವತ್ತು ಎಷ್ಟು,
ಯಾರಿಗೆ ಯಾರು ಸಾಲ ತೀರಿಸಬೇಕು,
ಯಾವ ಹುಡುಗಿ ಶಾಲೆ ಬಿಟ್ಟಳು, ಯಾಕೆ ಬಿಟ್ಟಳು,
ಎಲ್ಲ ತುರಿಯುತ್ತಲೇ ತೀರ್ಮಾನ.
ಇದರ ಮುಂದೆ ನಿಂತವಳಿಗೆ ಗೋಡೆ ಮಾತ್ರ ಕಾಣುತ್ತದೆ.
ಹೇಳಿದ ಮಾತು ಅದರ ಬಾಯಿಗೇ ಬಿದ್ದು
ಹಿಟ್ಟಾಗುತ್ತದೆ.’

ಆಮೇಲೆ ಗೆಣ್ಣುಗಳನ್ನು ತೋರಿಸಿದಳು.
ಕೈತುರಿಮಣೆ ಬರೆದದ್ದು, ಹಳೆಯದರ ಮೇಲೆ ಹೊಸದು.
‘ಸುಳ್ಳೇಕೆ, ಯಂತ್ರ ಬೇಕು.
ಇದೇ ಬೇಕು. ಆದರೆ ಇದಲ್ಲ.’

ಟೇಪು ತೆಗೆದೆ. ಅವಳು ನಕ್ಕು
ಯಂತ್ರದ ಕಾಲಿಗೆ ಕೈ ಅಡ್ಡ ಹಿಡಿದಳು.
‘ನಾಲ್ಕು ಬೆರಳು ಕೆಳಗೆ.’
‘ಯಾರ ಬೆರಳು?’
‘ತುರಿಯುವವಳದು.’

ಕೊಯ್ದೆ. ಕೂತಳು, ತಲೆಯಾಡಿಸಿದಳು.
ಇನ್ನೂ ನಾಲ್ಕು. ಕೊಯ್ದೆ. ಇನ್ನೂ ಎರಡು.
ಹಗೇವಿನ ಬಾಯಿಯಂತಿದ್ದ ಹಾಪರನ್ನು
ಅವಳ ಬಲ ಭುಜದತ್ತ ತಿರುಗಿಸಿ ಬೆಸೆದೆ.
ಮೋಟಾರಿನಡಿಗೆ ಹಳೇ ಟ್ಯೂಬು,
ಹೊಗೆಗೊಳವೆಗೆ ಯಾವುದೋ ಬಸ್ಸಿನ ಸೈಲೆನ್ಸರು,
ಬೆಲ್ಟಿಗೆ ಬಟ್ಟೆ ಸಿಕ್ಕದಂತೆ ಫ್ಯಾನಿನ ಜಾಲರಿ.
ಶಿಷ್ಯ ಬೋಟ್ವೆ ಚಕ್ರ ಜೋಡಿಸೋಣ ಎಂದ.
ಜೋಡಿಸಿದೆವು. ಕೆಸರಿನಲ್ಲಿ ಹೂತವಂತೆ.
ಮರುವಾರ ಚಕ್ರ ಮಾತ್ರ ವಾಪಸು ಬಂತು,
ಅದರ ಮೇಲೊಂದು ಗಾರಿ ಚೀಲ,
ಬಾಕಿ ಹಣದ ಬದಲಿಗೆ.
ಹುಳಿ ಸ್ವಲ್ಪ ಹೆಚ್ಚು. ತಿಂದೆವು.

ತಿಂಗಳಾದ ಮೇಲೆ ಅಕ್ರಾದಿಂದ ಒಬ್ಬ ಯುವಕ,
ಕೈಯಲ್ಲಿ ಫಾರಮು: ‘ವಿನ್ಯಾಸಕಾರನ ಹೆಸರು.’
ಒಂದೇ ಮನೆ, ಒಂದೇ ಗೆರೆ.
ನನ್ನ ಹೆಸರನ್ನೇ ಬರೆದೆ. ಬಾಡಿಗೆ ಕಟ್ಟುವವನು ನಾನಲ್ಲವೇ.
ಒತ್ತಿ ಹಿಡಿದ ಎಡಗೈಯ ಗ್ರೀಸು
ಹೆಸರಿನ ಪಕ್ಕದಲ್ಲಿ ಮೂಡಿತ್ತು,
ನಾಲ್ಕು ಬೆರಳು, ಸ್ಪಷ್ಟವಾಗಿ.
ಗಲೀಜಾಯಿತು ಎಂದು ಅವನು
ಹೊಸ ಫಾರಮು ಕೊಟ್ಟ.

ಈಗ ನನಗೆ ಗೊತ್ತಲ್ಲ ಎಂಬ ಧಿಮಾಕು.
ಮೊನ್ನೆ ಅಟೆಬುಬುವಿನಿಂದ ಇನ್ನೊಂದು ಹಸಿರು ಯಂತ್ರ,
ಜತೆಗೆ ಮೂವರು ಹೆಂಗಸರು.
ಅವರು ಬಾಯಿ ಬಿಡುವ ಮೊದಲೇ
ಹತ್ತು ಬೆರಳು ಗುರುತು ಹಾಕಿ, ಕಾಲು ಕೊಯ್ದು,
ಕೂರಮ್ಮ, ನೋಡಮ್ಮ ಎಂದೆ.

ಹಿರಿಯಳು ಯಂತ್ರವನ್ನು ನೋಡಿದಳು, ನನ್ನನ್ನು ನೋಡಿದಳು.
‘ಕೂರುವವರು ಯಾರು?
ನಾವು ನಿಂತೇ ತುರಿಯುವುದು.
ಹಲ್ಲು ಮೊಂಡಾಗಿತ್ತು, ಅಷ್ಟಕ್ಕೇ ತಂದದ್ದು.’

ಬೋಟ್ವೆ ಮುಖ ತಿರುಗಿಸಿ ನಗುತ್ತಿದ್ದ.
ನಾನು ನೆಲದ ಮೇಲೆ ಮಂಡಿಯೂರಿ
ಕೊಯ್ದ ಕಾಲಿನ ತುಂಡುಗಳನ್ನು ಹುಡುಕುತ್ತಿದ್ದೆ,
ಮೂರು ಸಿಕ್ಕಿದವು.