ಒಮ್ದುರ್ಮಾನಿನ ಕತ್ತೆ ಡಾಕ್ಟರು

ಮೂರನೇ ಕ್ಲಾಸಿನ ಕೋಣೆ. ಎರಡು ಬೆಂಚು ಸೇರಿಸಿದರೆ ಮಂಚ.
ಕರಿಹಲಗೆಯಲ್ಲಿ ಅಳಿಸದ ಮಗ್ಗಿ; ಅದರ ಪಕ್ಕದಲ್ಲೇ ಬರೆಯುತ್ತೇನೆ
ಯಾರ ತೊಡೆಗೆ ಎಷ್ಟು ಗಂಟೆಗೆ ಪಟ್ಟಿ ಬಿಗಿದೆನೆಂದು.

ಯಾರೂ ಕರೆದಿರಲಿಲ್ಲ. ಬಂದೆ.
ಹನ್ನೊಂದು ವರ್ಷ ಕತ್ತೆಗಳಿಗೆ ಹೊಲಿಗೆ ಹಾಕಿದವನು,
ನೀರಿನ ಗಾಡಿ ಎಳೆದೆಳೆದು ಹೆಗಲು ಹುಣ್ಣಾದವಕ್ಕೆ.
ಅದೇ ಸೂಜಿ, ಅದೇ ದಾರ.
ಮದ್ದು ಮಾತ್ರ ತೂಕ ನೋಡಿ ಇಳಿಸುತ್ತೇನೆ.

ಮೊಬೈಲಿನ ಬೆಳಕು ಹಿಡಿದ ಇಖ್ಲಾಸಳಿಗೆ ಹದಿನೇಳು.
ಕೈ ನಡುಗುವುದಿಲ್ಲ,
ಮೊಣಕಾಲು ನಡುಗುತ್ತದೆ.

ಈಗ ಹೊತ್ತು ತಂದದ್ದು ನೀರು ಮಾರುವ ಬಖೀತನನ್ನು.
ಅವನ ಕತ್ತೆಯ ಎಡಗಿವಿ ಹೊಲಿದವನು ನಾನೇ,
ದುಡ್ಡು ಇನ್ನೂ ಬಾಕಿ.
“ಹಕೀಮ, ಉಳಿಯುತ್ತೇನಾ?”

ಕತ್ತೆಗಳು ಇದನ್ನು ಕೇಳಿದ್ದೇ ಇಲ್ಲ.
ಕಿವಿಯ ಹಿಂದೆ ತುರಿಸಿದರೆ ಸುಮ್ಮನಾಗುತ್ತಿದ್ದವು.

ಬಾಕಿ ಇದೆಯಲ್ಲೋ, ಎಂದೆ.
ಕೈ ತಾನಾಗಿ ಅವನ ಕಿವಿಯ ಹಿಂದಕ್ಕೆ ಹೋಯಿತು.